ತೀವ್ರ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇರುವ ಮಗುವಿಗೆ ಎಂಆರ್‌ಐ ಮಾಡಲು ಮಂಪರು ಬರಿಸಿದರೆ (ಸೆಡೇಶನ್ ಕೊಟ್ಟರೆ) ಅಪಾಯ ಜಾಸ್ತಿಯಾ?

ಹೌದು, ಬೇರೆ ಮಕ್ಕಳಿಗಿಂತ ಜಾಸ್ತಿನೇ. ಹಾಗಂತ ಸ್ಕ್ಯಾನ್ ಬಿಡಬೇಕಿಲ್ಲ.

ಮುಖ್ಯ ತೊಂದರೆ ಉಸಿರಿನದು. ಈ ಮಕ್ಕಳಿಗೆ ಗಂಟಲಿನ ಸ್ನಾಯುಗಳ ಹಿಡಿತ ಮೊದಲೇ ಸರಿಯಿರುವುದಿಲ್ಲ, ಜೊಲ್ಲು ನುಂಗುವುದೂ ಕಷ್ಟ. ಮಿಡಜೋಲಮ್‌ನಂಥ ಮಂಪರಿನ ಔಷಧಿ ಕೊಟ್ಟಾಗ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚಬಹುದು. ಜೊಲ್ಲೋ, ಹೊಟ್ಟೆಯಲ್ಲಿರುವ ಹಾಲೋ ಶ್ವಾಸಕೋಶಕ್ಕೆ ಇಳಿಯಬಹುದು. ಬೆನ್ನು ಡೊಂಕಾಗಿದ್ದರೆ ಎದೆಗೂಡು ಪೂರ್ತಿ ಅರಳುವುದಿಲ್ಲ. ಫಿಟ್ಸ್‌ಗೆ ಕ್ಲೋಬಜಾಮ್ ಅಥವಾ ಫಿನೋಬಾರ್ಬಿಟೋನ್ ನಡೆಯುತ್ತಿದ್ದರೆ ಮಂಪರು ಇನ್ನೂ ಗಾಢವಾಗಬಹುದು.

ಅದಕ್ಕೇ ಅಂತ ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸಾಮಾನ್ಯವಾಗಿ ಆ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಲ್ಲಿ ಕೊಡಿ ಎನ್ನುತ್ತಾರೆ. ಅರಿವಳಿಕೆ ವೈದ್ಯರನ್ನು ಕೇಳಿಕೊಳ್ಳಿ. ಊಟ, ಡಬ್ಬಿ ಹಾಲು ಸಾಮಾನ್ಯವಾಗಿ 6 ಗಂಟೆ ಮುಂಚೆ ನಿಲ್ಲಬೇಕು, ಬರೀ ನೀರು 2 ಗಂಟೆ ಮುಂಚೆ. ಟ್ಯೂಬ್‌ನಲ್ಲಿ ಕೊಡುವ ಹಾಲೂ ಊಟವೇ ಅಲ್ವಾ, ಅದನ್ನು ಮರೆಯಬೇಡಿ.

ಇನ್ನೊಂದು ವಿಷಯ ಅವರನ್ನು ಕೇಳಿ: ಆಕ್ಸಿಜನ್ ಮಟ್ಟ ತೋರಿಸುವ ಬೆರಳಿನ ಕ್ಲಿಪ್ ಜೊತೆ ಕ್ಯಾಪ್ನೋಗ್ರಫಿ (ಬಿಡುವ ಉಸಿರಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅಳೆದು ಗೆರೆಯಾಗಿ ತೋರಿಸುವ ಯಂತ್ರ) ಇದೆಯಾ? ಆಕ್ಸಿಜನ್ ಹಾಕಿದ್ದಾಗ ಉಸಿರು ನಿಂತರೂ ಕ್ಲಿಪ್ ಸ್ವಲ್ಪ ಹೊತ್ತು 98 ಎಂದೇ ತೋರಿಸಬಹುದು. ಕ್ಯಾಪ್ನೋಗ್ರಫಿಯ ಗೆರೆ ಕೂಡಲೇ ಚಪ್ಪಟೆಯಾಗುತ್ತದೆ.

ಯಾವ ಮಗ್ಗುಲಲ್ಲಿ ಮಲಗಿಸಿದರೆ ಗೊರಗೊರ ಕಮ್ಮಿ ಅನ್ನುವುದನ್ನೂ ವೈದ್ಯರಿಗೆ ಹೇಳಿ. ಅದು ಫೈಲ್‌ನಲ್ಲಿ ಇರುವುದಿಲ್ಲ.