ಅದು ತಾಯ್ಕಿಳೊ ಅಲ್ಲ, ನಿಮ್ಮ ಅಜ್ಜಿ ಹೇಳಿದ್ದೇ ಸರಿ

ಓದುಗರ ಪತ್ರದ ಸಾರ: ಜುಲೈ ಸಂಚಿಕೆಯ ಮಳೆಗಾಲದ ಕಾಡುಸೊಪ್ಪಿನ ಲೇಖನ ಓದಿ, ನಮ್ಮ ವಸತಿ ಸಮುಚ್ಚಯದ ಹಿಂದಿನ ಖಾಲಿ ಜಾಗದಲ್ಲಿ ಹುಡುಕಲು ಹೊರಟೆ. ನೀವು ತಗಟೆ ಎಂದು ಅಚ್ಚು ಹಾಕಿದ ಚಿತ್ರ ನೋಡಿ ನನ್ನ ಅಜ್ಜಿ ‘ಇದು ತಾಯ್ಕಿಳೊ ಅಲ್ಲ’ ಎಂದರು (ತಗಟೆಗೆ ಕೊಂಕಣಿಯಲ್ಲಿ ತಾಯ್ಕಿಳೊ ಎನ್ನುತ್ತಾರೆ). ಯಾರು ಸರಿ? ಅಲ್ಲೇ ಮೋರಿಯ ಪಕ್ಕ ಸಿಕ್ಕ ಕೆಸುವಿನಿಂದ ಪತ್ರೊಡೆ ಮಾಡಿದೆ. ಮನೆಮಂದಿಯ ಗಂಟಲೆಲ್ಲ ತುರಿಸಿತು. ಈಗ ಸಂಘದವರು ಆ ಜಾಗಕ್ಕೆ ಕಳೆನಾಶಕ ಹೊಡೆದು ಇಂಟರ್‌ಲಾಕ್ ಹಾಸಬೇಕೆನ್ನುತ್ತಿದ್ದಾರೆ. ಅದು ಮತ್ತೆ ಕಾಡಾಗಲಿ ಎಂದು ನನ್ನ ವಾದ. ಮುಂದಿನ ತಿಂಗಳಿನಿಂದ ಭಾನುವಾರಗಳಂದು ಇಪ್ಪತ್ತು ಜನ ಕದ್ರಾ ಕಡೆಯ ಕಾಡಿಗೆ ಸೊಪ್ಪು ಹುಡುಕಲು ಹೋಗುವ ಆಲೋಚನೆಯೂ ಇದೆ. ಏನೆನ್ನುತ್ತೀರಿ? ಹೆಸರು ಪ್ರಕಟಿಸಬೇಡಿ. — ಓದುಗಿ, ಕೋಡಿಬಾಗ, ಕಾರವಾರ

ಕೋಡಿಬಾಗದ ಸಹೋದರಿಗೆ,

ಮೊದಲು ತಪ್ಪೊಪ್ಪಿಗೆ. ನಿಮ್ಮ ಅಜ್ಜಿ ಸರಿ, ನಾವು ತಪ್ಪು. ಚಿತ್ರ ಕಳಿಸಿದವರು ಕೆಳಗೆ ‘ತಗಟೆ’ ಎಂದು ಬರೆದಿದ್ದರು. ನಾವು ಅಕ್ಷರ ನೋಡಿದೆವು, ಎಲೆ ನೋಡಲಿಲ್ಲ. ಶಿರಸಿ ಸೀಮೆಯಲ್ಲಿ ಹುಟ್ಟಿ, ಪ್ರತಿ ಮಳೆಗಾಲವೂ ತಗಟೆ ಪಲ್ಯ ತಿಂದು ಬೆಳೆದ ನನ್ನ ಕಣ್ಣನ್ನೇ ದಾಟಿ ಆ ಪುಟ ಮುದ್ರಣಕ್ಕೆ ಹೋಯಿತು. ನಾಚಿಕೆಯ ಸಂಗತಿ. ಪತ್ರಿಕೆಯಲ್ಲಿ ಒಂದು ಇಸವಿ ತಪ್ಪಾದರೆ ಓದುಗರು ಬೈಯುತ್ತಾರೆ, ಅಷ್ಟೆ. ಸೊಪ್ಪಿನ ಚಿತ್ರ ತಪ್ಪಾದರೆ ಅದು ಯಾರದೋ ಬಾಣಲೆಗೆ ಹೋಗುತ್ತದೆ.

ನಾವು ಹಾಕಿದ್ದು ತಗಟೆಯ ದಾಯಾದಿ. ಕೆಲವರು ಅದನ್ನು ದೊಡ್ಡ ತಗಟೆ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಸೆನ್ನಾ ಆಕ್ಸಿಡೆಂಟಾಲಿಸ್. ನಿಮ್ಮ ತಾಯ್ಕಿಳೊ ಸೆನ್ನಾ ಟೋರಾ. ಎರಡಕ್ಕೂ ಹಳದಿ ಹೂ, ಎರಡೂ ಖಾಲಿ ಸೈಟಿನ ಗಿಡಗಳೇ. ಗುರುತು ಹೀಗೆ ಹಿಡಿಯಿರಿ. ತಗಟೆಯ ಒಂದು ಕಡ್ಡಿಯಲ್ಲಿ ಸಾಮಾನ್ಯವಾಗಿ ಮೂರೇ ಜೋಡಿ ಎಲೆ, ತುದಿ ದುಂಡಗೆ, ತುದಿಯ ಜೋಡಿಯೇ ಎಲ್ಲಕ್ಕಿಂತ ದೊಡ್ಡದು. ಕಾಯಿ ಸಣಕಲು ಅಲಸಂದೆಯಂತೆ ಉದ್ದವಾಗಿ ಬಾಗಿರುತ್ತದೆ. ದಾಯಾದಿಗೆ ನಾಲ್ಕರಿಂದ ಆರು ಜೋಡಿ ಎಲೆ, ತುದಿ ಚೂಪು. ಕಾಯಿ ಚಪ್ಪಟೆ, ಮೇಲ್ಮುಖ, ಅಂಚಿನಲ್ಲಿ ತಿಳಿಬಣ್ಣದ ಗೆರೆ.

ಇಷ್ಟು ಕೊರೆಯುವುದಕ್ಕೆ ಕಾರಣವಿದೆ. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಚಳಿಗಾಲ ಬಂತೆಂದರೆ ಸಣ್ಣ ಮಕ್ಕಳು ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. ಮಿದುಳು ಜ್ವರದ ವೈರಾಣು ಎಂದೇ ಬಹುಕಾಲ ನಂಬಲಾಗಿತ್ತು. ಬಿಜ್ನೋರ್ ಕಡೆಯ ಮಕ್ಕಳ ವೈದ್ಯರು ಬೆನ್ನು ಹತ್ತಿ ಹುಡುಕಿ, ಆಟವಾಡುತ್ತ ಮಕ್ಕಳು ಜಗಿದ ಈ ದೊಡ್ಡ ತಗಟೆಯ ಬೀಜವೇ ಕಾರಣವೆಂದು 2007ರ ಹೊತ್ತಿಗೆ ತೋರಿಸಿಕೊಟ್ಟರು. ಯಕೃತ್ತು, ಸ್ನಾಯು, ಮಿದುಳು ಮೂರಕ್ಕೂ ಅದರ ವಿಷ ತಟ್ಟುತ್ತದೆ. ನಿಮ್ಮ ಖಾಲಿ ಜಾಗದಲ್ಲಿ ಮಕ್ಕಳು ಆಡುತ್ತಾರೆಂದು ಬರೆದಿದ್ದೀರಿ. ಇನ್ನೇನು ಕಾಯಿ ಬಲಿಯುವ ಕಾಲ. ಆ ಗಿಡ ಅಲ್ಲಿದ್ದರೆ ಈ ವಾರವೇ ಬೇರುಸಹಿತ ಕಿತ್ತುಬಿಡಿ. ಅಂದ ಹಾಗೆ, ತಗಟೆಯ ಊಟದ ಕಾಲವೂ ಮುಗಿಯಿತು. ಮೊದಲ ಮಳೆಗೆ ಚಿಗುರಿದ ಗೇಣುದ್ದದ ಗಿಡದ ಕುಡಿಯಷ್ಟೇ ಅಡುಗೆಗೆ. ಹೂ ಬಿಟ್ಟ ಮೇಲೆ ಎಲೆ ಕಹಿ, ನಾರು.

ಇನ್ನು ಕೆಸು. ಅದರ ಎಲೆ, ದಂಟು, ಗೆಡ್ಡೆಯಲ್ಲೆಲ್ಲ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಬರಿಗಣ್ಣಿಗೆ ಕಾಣದ ಆ ಸೂಜಿಗಳು ಚುಚ್ಚುವುದರಿಂದಲೇ ಗಂಟಲು ತುರಿಸುವುದು. ಹದಿನೈದು ನಿಮಿಷದ ಆವಿಗೆ ಅವು ಬಗ್ಗುವುದಿಲ್ಲ. ನಮ್ಮ ಕಡೆ ಕರಕಲಿ ಮಾಡುವಾಗ ಕೆಸುವನ್ನು ಹುಳಿಯೊಡನೆ ಗಂಟೆಗಟ್ಟಲೆ ಕುದಿಸಿ ಬತ್ತಿಸುವುದು ನಾಲಿಗೆಯ ಚಪಲಕ್ಕಷ್ಟೇ ಅಲ್ಲ. ವಾಟೆಹುಳಿಯೋ ಮುರುಗಲೋ ಹುಣಸೆಯೋ, ಹುಳಿಯಿಲ್ಲದೆ ಕೆಸುವಿಗೆ ಕೈ ಹಾಕುವವರು ನಮ್ಮಲ್ಲಿಲ್ಲ. ಪತ್ರೊಡೆಗಾದರೆ ಎಳೆಯ ಎಲೆ, ನಾರು ತೆಗೆದು, ಹಿಟ್ಟಿಗೆ ಧಾರಾಳ ಹುಳಿ, ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲದ ಆವಿ. ಮಳೆಗಾಲದಲ್ಲಿ ಮರದ ಮೇಲೆ ಹುಟ್ಟುವ ಮರಕೆಸು ಸಿಕ್ಕರೆ ಅದೇ ಮೇಲು. ಆದರೆ ನಿಮ್ಮ ಪತ್ರೊಡೆಯಲ್ಲಿ ತುರಿಕೆಗಿಂತ ನನ್ನನ್ನು ಕಾಡಿದ್ದು ‘ಮೋರಿಯ ಪಕ್ಕ’ ಎಂಬ ಮಾತು. ಕೆಸು, ಒಂದೆಲಗ, ಹೊನಗೊನೆ ಮೂರೂ ತೇವ ಹುಡುಕಿ ಹೋಗುವವು. ಪೇಟೆಯಲ್ಲಿ ತೇವವೆಂದರೆ ಬಚ್ಚಲು ನೀರು. ಅಲ್ಲಿ ಎಷ್ಟು ಸೊಂಪಾಗಿ ಬೆಳೆದಿದ್ದರೂ ಬಿಡಿ. ಹೆದ್ದಾರಿಯ ಅಂಚಿನದೂ ಬೇಡ. ಸೀಸ ಬೆರೆತ ಪೆಟ್ರೋಲು 2000ದಲ್ಲಿ ನಿಂತರೂ ಮಣ್ಣಿಗೆ ಇಳಿದ ಸೀಸ ಎದ್ದು ಹೋಗುವುದಿಲ್ಲ. ಕಳೆನಾಶಕ ಹೊಡೆದ ಜಾಗದಲ್ಲಿ ಆ ವರ್ಷ ಏನನ್ನೂ ಕೊಯ್ಯಬೇಡಿ.

ಒಂದೆಲಗ ತಂಬುಳಿ ಬೇಕಿದ್ದರೆ ಬೇರು ಬಿಟ್ಟ ಒಂದು ಬಳ್ಳಿ ತುಂಡು ತಂದು ಬಾಲ್ಕನಿಯ ಕುಂಡದಲ್ಲಿ ಊರಿ. ಅದಕ್ಕೆ ಸಾಹಸ ಬೇಕಿಲ್ಲ.

ಖಾಲಿ ಜಾಗದ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಸಂಘದವರ ಭಯ ಹಾವು ಮತ್ತು ಸೊಳ್ಳೆ. ನಕ್ಕುಬಿಡಬೇಡಿ, ಉತ್ತರ ಕೊಡಿ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ತೆಂಗಿನ ಚಿಪ್ಪು, ಟೈರು, ಮುಚ್ಚದ ತೊಟ್ಟಿಯ ನಿಂತ ನೀರಿನಲ್ಲಿ, ಹಸಿರಿನಲ್ಲಲ್ಲ. ಹಾವಿಗೆ ಬೇಕಾದದ್ದು ಇಲಿ ಮತ್ತು ಕಲ್ಲುರಾಶಿ. ಹಾಗಾಗಿ ಕಟ್ಟಡದ ಅವಶೇಷ ಸಾಗಿಸಿ, ಗೋಡೆಯ ಬದಿ ನಾಲ್ಕಡಿ ದಾರಿ ಸವರಿಡಿ, ಉಳಿದದ್ದನ್ನು ಬಿಡಿ ಎಂದು ಕೇಳಿಕೊಳ್ಳಿ.

ಯಾರೋ ಮಿಯಾವಾಕಿ ಕಾಡು ಮಾಡಿಸೋಣ ಎಂದರೆಂದೂ ಬರೆದಿದ್ದೀರಿ. ಅಕಿರಾ ಮಿಯಾವಾಕಿ ದೊಡ್ಡ ಸಸ್ಯವಿಜ್ಞಾನಿ, ಅವರ ಮೇಲೆ ನನಗೆ ಗೌರವವಿದೆ. ಆದರೆ ಮಣ್ಣು ಅಗೆದು ಹದ ಮಾಡಿ, ಚದರ ಮೀಟರಿಗೆ ಮೂರು ನಾಲ್ಕು ಸಸಿ ಒತ್ತಾಗಿ ನೆಟ್ಟು, ಎರಡು ಮೂರು ವರ್ಷ ನೀರು ಹನಿಸುವ ಆ ಪದ್ಧತಿ, ಗಿಡವೇ ಏಳದ ಕಡೆಗೆ ಸರಿ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಕಾರವಾರದಲ್ಲಿ ಕತ್ತಿ ಕೆಳಗಿಟ್ಟರೆ ಸಾಕು, ಅರ್ಧ ಕೆಲಸ ಆದಂತೆಯೇ. ಪಿಕಳಾರ, ಕುಟ್ರು ಹಕ್ಕಿಗಳು ನೇರಳೆಯನ್ನೂ ಕೇಪಳವನ್ನೂ ಪುಕ್ಕಟೆ ಬಿತ್ತುತ್ತವೆ. ಉಳಿದರ್ಧ ನಿಮ್ಮದು. ಏಕೆಂದರೆ ಮೊದಲು ನುಗ್ಗುವುದು ಹಕ್ಕಿ ಬಿತ್ತಿದ್ದಲ್ಲ, ಗಾಳಿ ಬಿತ್ತಿದ್ದು: ಕಮ್ಯುನಿಸ್ಟ್ ಗಿಡ. (ಕಾಂಗ್ರೆಸ್ ಹುಲ್ಲೂ ಇದೆ, ನಮ್ಮ ಜನ ಕಳೆಗೆ ಹೆಸರಿಡುವಾಗ ಪಕ್ಷಭೇದ ಮಾಡಲಿಲ್ಲ.) ಅಮೆರಿಕದ ಮೂಲದ ಆ ಗಿಡ ಚಳಿಗಾಲದಲ್ಲಿ ಹೂ ಬಿಟ್ಟು ಬೀಜ ಹಾರಿಸುತ್ತದೆ. ಮಣ್ಣು ಮೆತ್ತಗಿರುವ ಈಗಲೇ ಕೈಯಿಂದ ಕೀಳಿ. ಎರಡು ಮೂರು ವರ್ಷ ಹೀಗೆ ಕಾದರೆ ನೆರಳು ಕೂಡುತ್ತದೆ, ನೆರಳಿನಲ್ಲಿ ಅದು ಸೊರಗುತ್ತದೆ. ಕೋಡಿಬಾಗದ ಮರಳು ನೆಲಕ್ಕೆ, ಉಪ್ಪು ಗಾಳಿಗೆ ನೀವೇ ನೆಡುವುದಿದ್ದರೆ ಸುರಹೊನ್ನೆ, ಹೊಂಗೆ. ಮನೆಯವರ ಬಾಯಿ ಮುಚ್ಚಿಸಲು ಒಂದೆರಡು ಮುರುಗಲು.

ಕದ್ರಾ ಪ್ರವಾಸಕ್ಕೆ ಮಾತ್ರ ನನ್ನ ಉತ್ತರ ‘ಬೇಡ’. ಕಾನೂನನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ: ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲ, ಮತ್ತು ಕಿರು ಅರಣ್ಯ ಉತ್ಪನ್ನದ ಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ ಹಕ್ಕು ಕೊಟ್ಟಿರುವುದು ಕಾಡಿನಲ್ಲಿ ಬಾಳುವವರಿಗೆ, ಭಾನುವಾರ ಬರುವ ನಮಗಲ್ಲ. ಆದರೆ ನನ್ನನ್ನು ತಡೆಯುವುದು ಕಾನೂನಲ್ಲ, ಅಪ್ಪೆಮಿಡಿ. ನಮ್ಮ ಹೊಳೆದಂಡೆಗಳಲ್ಲಿ ಮಿಡಿಗೆ ಬೆಲೆ ಬಂದ ಮೇಲೆ, ಮರ ಹತ್ತಿ ಒಂದೊಂದೇ ಕೊಯ್ಯುವ ತಾಳ್ಮೆ ಹೋಯಿತು. ಕೊಂಬೆಯನ್ನೇ ಕಡಿದು ಕೆಳಗೆ ಕೂತು ಆರಿಸಿದರು. ಕೊಂಬೆ ಹೋದ ಮರ ಮುಂದಿನ ವರ್ಷ ಮಿಡಿ ಕೊಡುವುದೆಲ್ಲಿಂದ? ಕಳಲೆಯದೂ ಅದೇ ಲೆಕ್ಕ. ಮುರಿದ ಒಂದೊಂದು ಮೊಳಕೆಯೂ ಏಳದೆ ಹೋದ ಒಂದು ಬಿದಿರು. ಇಪ್ಪತ್ತು ಚೀಲಗಳು ಒಂದೇ ಇಳಿಜಾರಿಗೆ ಇಳಿದರೆ ಉಳಿಯುವುದೇನೆಂದು ನೀವೇ ಎಣಿಸಿ. ಬೇಸಿಗೆಯಲ್ಲಿ ಕವಳಿ ಹಣ್ಣಿಗೆಂದು ಸಿದ್ದಾಪುರ, ಶಿರಸಿ ಕಡೆ ಬರುವ ಉಮೇದಿದ್ದರೆ ಇನ್ನೊಂದು ಮಾತು: ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಉಣ್ಣೆಗಳ ಕಾಲ. ಉಣ್ಣೆ ಓಡಿಸುವ ಡೆಪಾ ಎಣ್ಣೆ ಹಚ್ಚದೆ, ಮೈತುಂಬ ಬಟ್ಟೆಯಿಲ್ಲದೆ ಕಾಡಿಗೆ ಕಾಲಿಡಬೇಡಿ. ಮಂಗ ಸತ್ತ ಸುದ್ದಿಯಿರುವ ಕಾಡಿಗಂತೂ ಹೋಗಲೇಬೇಡಿ.

ಭಾನುವಾರ ಹೋಗಲೇಬೇಕೆಂದಿದ್ದರೆ ಕಾರವಾರದ ಸಂತೆಗೆ ಹೋಗಿ. ಬುಟ್ಟಿಯಲ್ಲಿ ಮಾಡಹಾಗಲ, ಕಳಲೆ, ಮರಕೆಸುವಿನ ಸುರುಳಿ, ಅಮಟೆ ಇಟ್ಟುಕೊಂಡು ಕೂತ ಹೆಂಗಸರ ಬಳಿ ಚೌಕಾಸಿ ಮಾಡದೆ ಕೊಳ್ಳಿ. ಕೊಂಡವರಿಗೆ ಅವರು ಪಾಠ ಹೇಳುತ್ತಾರೆ: ಕಳಲೆಯನ್ನು ಎಷ್ಟು ದಿನ ನೀರು ಬದಲಿಸಿ ನೆನೆಹಾಕಬೇಕು (ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ, ಆ ನೀರನ್ನು ಚೆಲ್ಲಲೇಬೇಕು), ಯಾವ ಅಣಬೆಯನ್ನು ಮುಟ್ಟಬಾರದು. ಅಣಬೆಯನ್ನಂತೂ ನೀವಾಗಿಯೇ ಎಂದೂ ಕೊಯ್ಯಬೇಡಿ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಎಲ್ಲರೂ ‘ಕಾಡಿನ ವಿಶ್ವಕೋಶ’ ಎಂದು ಬರೆದರು, ನಾವೂ ಬರೆದೆವು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಬೀಜ ಆರಿಸಿ ಸಸಿ ಮಾಡಿದ ಕೈಯದು. ಆ ತಿಳಿವಳಿಕೆ ಎರಡು ಭಾನುವಾರಗಳಲ್ಲಿ ಬಂದದ್ದಲ್ಲ.

ನಿಮಗೆ ನಾನು ಸೂಚಿಸುವುದು ವರ್ಷಕ್ಕೆ ಒಂದೇ ಗಿಡ. ಈ ವರ್ಷ ತಾಯ್ಕಿಳೊ ಸಾಕು. ನಿಮ್ಮ ಖಾಲಿ ಜಾಗದಲ್ಲಿ ಅದು ಕಾಯಿ ಒಣಗಿಸುವುದನ್ನು, ಬೇಸಿಗೆಯಲ್ಲಿ ಮಾಯವಾಗುವುದನ್ನು, ಜೂನಿನ ಮಳೆಗೆ ಎರಡೆಲೆಯಾಗಿ ಏಳುವುದನ್ನು ಅಜ್ಜಿಯ ಜೊತೆ ನೋಡಿ. ಎರಡೆಲೆಯ ಸಸಿಯನ್ನೇ ನೀವು ಗುರುತಿಸಿದ ದಿನ ಕುಡಿ ಚಿವುಟಿ.

ಮುಂದಿನ ಸಂಚಿಕೆಯಲ್ಲಿ ಎರಡೂ ಗಿಡಗಳ ಸರಿಯಾದ ಚಿತ್ರಗಳನ್ನು ಅಕ್ಕಪಕ್ಕ ಅಚ್ಚು ಹಾಕುತ್ತೇವೆ. ಮುದ್ರಣಕ್ಕೆ ಮುಂಚೆ ಅವನ್ನು ನಿಮಗೆ ಕಳಿಸುತ್ತೇನೆ. ಅಜ್ಜಿಗೆ ತೋರಿಸಿ ಉತ್ತರ ಬರೆಯಿರಿ. ಜುಲೈ ಲೇಖನದ ತಗಟೆಯ ಪಾಕವಿಧಾನದಲ್ಲಿ ಹಲಸಿನ ಬೀಜ ಬಿಟ್ಟುಹೋಗಿದೆ ಎಂದೂ ಅವರು ಗೊಣಗಿದರೆಂದು ಪತ್ರದ ಕೊನೆಗೆ ಸೇರಿಸಿದ್ದೀರಲ್ಲ, ಅದನ್ನು ಜಜ್ಜಿ ಹಾಕುತ್ತಾರೋ ಹೋಳು ಮಾಡಿಯೋ ಎಂಬುದನ್ನೂ ಕೇಳಿ ತಿಳಿಸಿ.

— ಸಂಪಾದಕ