ಓದುಗರ ಪ್ರಶ್ನೆಗಳಿಗೆ ಉತ್ತರ: ಕಾಣಸಿಗದ ಮೊದಲ ಚಿತ್ರಗಳು

ಪ್ರಶ್ನೆ: ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ಒಮ್ಮೆಯಾದರೂ ನೋಡಬೇಕೆಂಬ ಆಸೆಯಿದೆ. ಅದು ಎಲ್ಲಿ ಸಿಗುತ್ತದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಈ ಚಿತ್ರ ಇಂದು ಎಲ್ಲಿಯೂ ಸಿಗುವುದಿಲ್ಲ ಎಂದು ದುಃಖದಿಂದಲೇ ಹೇಳಬೇಕಾಗಿದೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ವೈ.ವಿ. ರಾವ್ ಅವರ ನಿರ್ದೇಶನ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಾಹಿತ್ಯ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಮತ್ತು ತ್ರಿಪುರಾಂಬ ಅವರ ಅಭಿನಯವಿದ್ದ ಈ ಚಿತ್ರದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ಕನ್ನಡದ ಮಾತು ತೆರೆಯ ಮೇಲೆ ಮೊದಲು ಹೇಗೆ ಕೇಳಿಸಿತು ಎಂಬುದನ್ನು ನಾವು ಕೆಲವು ಸ್ಥಿರಚಿತ್ರಗಳಿಂದಲೂ ಹಿರಿಯರ ಬರಹಗಳಿಂದಲೂ ಊಹಿಸಿಕೊಳ್ಳಬೇಕಷ್ಟೇ.

ಈ ನಷ್ಟ ಕನ್ನಡದ್ದು ಮಾತ್ರವಲ್ಲ. 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡ ಅರ್ದೇಶಿರ್ ಇರಾನಿಯವರ ‘ಆಲಂ ಆರಾ’, ಅಂದರೆ ಭಾರತದ ಮೊದಲ ವಾಕ್ಚಿತ್ರ, ಅದೂ ಇಲ್ಲ. ದಾದಾಸಾಹೇಬ್ ಫಾಲ್ಕೆಯವರು 1913ರಲ್ಲಿ ತಯಾರಿಸಿದ ‘ರಾಜಾ ಹರಿಶ್ಚಂದ್ರ’ದ ಕೆಲವು ರೀಲುಗಳಷ್ಟೇ ದೊರೆತಿವೆ. ನಮ್ಮ ದೇಶದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿಚಿತ್ರಗಳಲ್ಲಿ ಉಳಿದವು ತೀರಾ ಕೆಲವು, ಅವುಗಳಲ್ಲಿಯೂ ಅನೇಕವು ಬರಿಯ ತುಣುಕುಗಳು.

ಕಾರಣಗಳಲ್ಲಿ ಒಂದು ಆ ಫಿಲ್ಮಿನಲ್ಲಿಯೇ ಇತ್ತು. 1950ರ ದಶಕದ ಆರಂಭದವರೆಗೂ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಬೆಂಕಿ ತಗುಲಿದರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ತಗುಲದೆ ಡಬ್ಬಿಯಲ್ಲಿಯೇ ಉಳಿದರೂ ಸೆಕೆ ಮತ್ತು ತೇವಕ್ಕೆ ಅದರ ಬಿಂಬ ಮಾಸುತ್ತದೆ, ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಜಿಗುಟಾಗುತ್ತವೆ, ಕೊನೆಗೆ ಡಬ್ಬಿಯ ಮುಚ್ಚಳ ತೆಗೆದರೆ ಕಂದು ಬಣ್ಣದ ಪುಡಿ ಮಾತ್ರ ಇರುತ್ತದೆ. ಆದರೆ ಇದಕ್ಕಿಂತ ದೊಡ್ಡ ಕಾರಣ ನಮ್ಮ ಮನೋಭಾವವೆಂದೇ ನನ್ನ ಅಭಿಪ್ರಾಯ. ಓಟ ಮುಗಿದ ಚಿತ್ರದ ಪ್ರತಿಗೆ ಬೆಲೆಯಿಲ್ಲವೆಂದು ಬಗೆದು, ಫಿಲ್ಮಿನ ಲೇಪದಲ್ಲಿರುವ ಬೆಳ್ಳಿಯನ್ನು ತೆಗೆಯುವವರಿಗೆ ಅದನ್ನು ತೂಕದ ಲೆಕ್ಕದಲ್ಲಿ ಮಾರಿದ್ದೂ ಉಂಟು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಪುಣೆಯಲ್ಲಿ ಆರಂಭವಾದದ್ದು 1964ರಲ್ಲಿ, ಎಂದರೆ ‘ರಾಜಾ ಹರಿಶ್ಚಂದ್ರ’ ತೆರೆಕಂಡು ಅರ್ಧ ಶತಮಾನ ಕಳೆದ ಮೇಲೆ. ಅಲ್ಲಿ ದುಡಿದ ಪಿ.ಕೆ. ನಾಯರ್ ಅವರು ರೀಲುಗಳನ್ನು ಹುಡುಕಿಕೊಂಡು ಅಲೆಯದೆ ಹೋಗಿದ್ದರೆ ಫಾಲ್ಕೆಯವರ ಚಿತ್ರಗಳ ಈಗಿನ ಭಾಗಗಳೂ ನಮಗೆ ದಕ್ಕುತ್ತಿರಲಿಲ್ಲ. ಈಚೆಗೆ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಮೂಲ ನೆಗೆಟಿವ್ ಉಳಿದಿದ್ದರಿಂದಲೇ ಇದು ಸಾಧ್ಯವಾಯಿತು.

ಪ್ರಶ್ನೆ: ಆ ಕಾಲದ ಚಿತ್ರಗಳಲ್ಲಿ ಪುರಾಣದ ಕಥೆಗಳೂ ಲೆಕ್ಕವಿಲ್ಲದಷ್ಟು ಹಾಡುಗಳೂ ಇರುತ್ತಿದ್ದುದೇಕೆ?
– ಓದುಗರೊಬ್ಬರು, ಗದಗ

ಉತ್ತರ: ಅವು ರಂಗಭೂಮಿಯಿಂದ ಬಂದವು. ‘ಆಲಂ ಆರಾ’ ಪಾರಸಿ ನಾಟಕವೊಂದನ್ನು ಆಧರಿಸಿತ್ತು ಮತ್ತು ಅದರಲ್ಲಿ 7 ಹಾಡುಗಳಿದ್ದವು. ಮರುವರ್ಷದ ‘ಇಂದ್ರಸಭಾ’ದಲ್ಲಿ ಹಾಡುಗಳ ಸಂಖ್ಯೆ ಸುಮಾರು 70ಕ್ಕೆ ಏರಿತು. ನಮ್ಮಲ್ಲಿಯೂ ಕಂಪನಿ ನಾಟಕದ ನಟರೇ ತೆರೆಗೆ ಬಂದರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕರಾದ ರಾಜಕುಮಾರ್ ಅವರು ಪಳಗಿದ್ದು ಗುಬ್ಬಿ ಕಂಪನಿಯಲ್ಲಿ. ಹಿನ್ನೆಲೆ ಗಾಯನ 1935ರ ‘ಧೂಪ್ ಛಾಂವ್’ ಚಿತ್ರದೊಂದಿಗೆ ಬರುವವರೆಗೂ ನಟರು ಕ್ಯಾಮೆರಾದ ಮುಂದೆ ತಾವೇ ಹಾಡಬೇಕಿತ್ತಾದ್ದರಿಂದ, ಕಂಠವಿದ್ದ ರಂಗನಟರಿಗೆ ಬೇಡಿಕೆ ಹೆಚ್ಚಿತ್ತು. ಪುರಾಣದ ಕಥೆಗಳಿಗೆ ಇನ್ನೊಂದು ಅನುಕೂಲವೂ ಇತ್ತು: ಓದು ಬಾರದವರಿಗೂ ಕಥೆ ಮೊದಲೇ ಗೊತ್ತಿದ್ದುದರಿಂದ ಅವರು ಕಥೆಯ ಗೊಂದಲವಿಲ್ಲದೆ ಅಭಿನಯವನ್ನೂ ಸಂಗೀತವನ್ನೂ ಸವಿಯಬಹುದಾಗಿತ್ತು. ಹರಿಕಥೆ, ಬಯಲಾಟಗಳನ್ನು ಕಂಡುಂಡ ಜನರಿಗೆ ಸಿನಿಮಾ ಪರಕೀಯವೆನಿಸದೆ ಹೋದದ್ದು ಹೀಗೆ.

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಹಳೆಯ ಸಿನಿಮಾ ಹಾಡಿನ ಪುಸ್ತಕಗಳು ಸಿಕ್ಕಿವೆ. ಕೆಲವು ಹರಿದಿವೆ. ರದ್ದಿಗೆ ಹಾಕಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ಹಾಕಬೇಡಿ. ಚಿತ್ರಮಂದಿರದ ಬಾಗಿಲಲ್ಲಿ ಪುಡಿಗಾಸಿಗೆ ಮಾರುತ್ತಿದ್ದ ಆ ತೆಳು ಪುಸ್ತಕಗಳಲ್ಲಿ ಪಾತ್ರವರ್ಗ, ಕಥಾಸಾರಾಂಶ ಮತ್ತು ಹಾಡುಗಳ ಪೂರ್ಣಪಾಠ ಇರುತ್ತದೆ; ಪ್ರತಿಯೇ ಉಳಿಯದ ಚಿತ್ರದ ವಿಷಯದಲ್ಲಿ ಅದಕ್ಕಿಂತ ನಂಬಲರ್ಹವಾದ ಆಧಾರ ಸಿಗುವುದು ಅಪರೂಪ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ತುಕ್ಕು ಹಿಡಿದ ಪಿನ್ನುಗಳನ್ನು ಮೆಲ್ಲಗೆ ತೆಗೆದು, ಪುಟಗಳನ್ನು ತೇವವಿಲ್ಲದ ಕಡೆ ಚಪ್ಪಟೆಯಾಗಿ ಇರಿಸಿ, ಮುಖಪುಟದಿಂದ ಹಿಂಬದಿಯವರೆಗೆ ಪ್ರತಿಯೊಂದು ಪುಟವನ್ನೂ ಸ್ಕ್ಯಾನ್ ಮಾಡಿಸಿಕೊಳ್ಳಿ. ಪುಣೆಯ ಸಂಗ್ರಹಾಲಯವು ಫಿಲ್ಮುಗಳಲ್ಲದೆ ಪೋಸ್ಟರು, ಸ್ಥಿರಚಿತ್ರ, ಹಾಡಿನ ಪುಸ್ತಕಗಳನ್ನೂ ಕಾಪಿಡುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ, ಚಿತ್ರಗಳ ಹೆಸರು ಮತ್ತು ವರ್ಷದ ಪಟ್ಟಿಯೊಂದನ್ನು ಮಾಡಿ ಅಲ್ಲಿಗೆ ಬರೆದು ವಿಚಾರಿಸಿ.