ಸಿ ಪ್ರೋಗ್ರಾಮಿನಲ್ಲಿ ಪ್ರಿಂಟ್‌ಎಫ್ (ಪರದೆಗೆ ಮುದ್ರಿಸುವ ಫಂಕ್ಷನ್) ಸೇರಿಸಿದರೆ ಸ್ಟ್ರಿಂಗ್‌ನಲ್ಲಿ (ಅಕ್ಷರಗಳ ಸಾಲಿನಲ್ಲಿ) ಕಸ, ತೆಗೆದರೆ ಸರಿ. ಸ್ಟ್ಯಾಕ್ (ಓಡುತ್ತಿರುವ ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿ) ಸೈಜ್ ಹೆಚ್ಚಿಸಲಾ, ಎಲ್ಲಾ ಮ್ಯಾಲಾಕ್ ಮಾಡಲಾ (ಹೀಪ್ ಎಂಬ ಬೇರೆ ಮೆಮೊರಿಯಲ್ಲಿ ಜಾಗ ಕೇಳಿ ಪಡೆಯಲಾ)?

ಎರಡೂ ಬೇಡ. ನಾಲ್ಕು ದಿನ ಇದೇ ಗುಂಡಿಯಲ್ಲಿ ಬಿದ್ದಿದ್ದವನು ಹೇಳ್ತಿದ್ದೀನಿ.

ಕಾನ್ಫಿಗ್ ಫೈಲ್‌ನಿಂದ ಒಂದು ಹೆಸರು ಓದುವ ಫಂಕ್ಷನ್ ಬರೆದಿದ್ದೆ. ಒಳಗೆ 64 ಬೈಟಿನ ಲೋಕಲ್ ಅರೇ, ಅಂದರೆ ಆ ಫಂಕ್ಷನ್ ಓಡುವಾಗ ಮಾತ್ರ ಅದರದ್ದಾದ ಜಾಗ. ಹೆಸರನ್ನು ಅದರಲ್ಲಿ ತುಂಬಿಸಿ, ಅರೇಯ ವಿಳಾಸವನ್ನು ಹೊರಗಿನ ಸ್ಟ್ರಕ್ಟ್‌ನಲ್ಲಿಟ್ಟು (ಹಲವು ಮೌಲ್ಯಗಳ ಕಟ್ಟು ಅದು) ವಾಪಸ್. ನೇರವಾಗಿ ರಿಟರ್ನ್ ಮಾಡಿದ್ದರೆ ಕಂಪೈಲರ್ ಎಚ್ಚರಿಸುತ್ತಿತ್ತು. ಸ್ಟ್ರಕ್ಟ್ ಹಿಂದೆ ಅವಿತಿದ್ದರಿಂದ ನನ್ನ ಹಳೇ ಜಿಸಿಸಿ ಕಂಪೈಲರ್ ತುಟಿ ಬಿಚ್ಚಲಿಲ್ಲ. ಮೂರು ವಾರ ಸಲೀಸಾಗಿ ಓಡಿತು. ಬೇರೇನೋ ಬಗ್ ಹುಡುಕಲು ಒಂದು ಪ್ರಿಂಟ್‌ಎಫ್ ಹಾಕಿದೆ ನೋಡಿ, ಹೆಸರು ಮಾಯ. ಕಂಪೈಲರನ್ನು ಬೈದೆ, ವರ್ಷನ್ ಬದಲಿಸಿದೆ, ಸ್ಟ್ಯಾಕನ್ನು 8 ಎಂಬಿಯಿಂದ 64ಕ್ಕೆ ಏರಿಸಿದೆ. ಕಸ ಕಸವೇ.

ನನ್ನ ತಪ್ಪು ಆ ಪಾಯಿಂಟರ್‌ಗಿಂತ (ಸ್ಟ್ರಕ್ಟ್‌ನಲ್ಲಿಟ್ಟ ವಿಳಾಸ) ಹಿಂದಿನದು. ಫಂಕ್ಷನ್ ಮುಗಿದರೆ ಅದರ ಲೋಕಲ್‌ಗಳು ಅಳಿಸಿಹೋಗುತ್ತವೆ ಅಂದುಕೊಂಡಿದ್ದೆ. ಹೆಸರು ಕಾಣಿಸುತ್ತಿದೆ, ಹಾಗಾದರೆ ಜೀವಂತವಾಗಿದೆ ಅನ್ನುವ ಲೆಕ್ಕ. ಯಾರೂ ಅಳಿಸುವುದಿಲ್ಲ! ಎಕ್ಸ್86-64ರಲ್ಲಿ (ಹೆಚ್ಚಿನ ಪಿಸಿಗಳ ಪ್ರೊಸೆಸರ್ ಬಗೆ) ಫಂಕ್ಷನ್ ಕಾಲ್ ಆದಾಗ, ಮರಳಬೇಕಾದ ಜಾಗದ 8 ಬೈಟ್ ವಿಳಾಸ ಸ್ಟ್ಯಾಕ್ ಮೇಲೆ ಕೂರುತ್ತದೆ, ಸ್ಟ್ಯಾಕಿನ ತುದಿ ತೋರಿಸುವ ಸ್ಟ್ಯಾಕ್ ಪಾಯಿಂಟರ್ ಕೆಳಗಿಳಿದು ಲೋಕಲ್‌ಗಳಿಗೆ ಜಾಗ ಬಿಡುತ್ತದೆ. ರಿಟರ್ನ್ ಅಂದರೆ ಆ ಪಾಯಿಂಟರ್ ಮೇಲೇರುವುದು, ಆ ವಿಳಾಸಕ್ಕೆ ಜಿಗಿಯುವುದು, ಅಷ್ಟೇ. ಹಳೇ ಬೈಟ್‌ಗಳು ಇದ್ದಲ್ಲೇ ಇರುತ್ತವೆ, ಮುಂದಿನ ಕಾಲ್ ಅದೇ ಜಾಗಕ್ಕೆ ಇಳಿಯುವವರೆಗೆ. ಪ್ರಿಂಟ್‌ಎಫ್ ಒಳಗೊಳಗೇ ಹಲವು ಫಂಕ್ಷನ್‌ಗಳನ್ನು ಕರೆಯುತ್ತಾ ಆಳಕ್ಕೆ ಹೋಗುತ್ತದೆ. ನನ್ನ ಹೆಸರಿನ ಮೇಲೇ ತುಳಿದುಕೊಂಡು ಹೋಯಿತು. ಅದು ಬಗ್ ತಂದಿದ್ದಲ್ಲ, ಇದ್ದ ಬಗ್ಗನ್ನು ತೋರಿಸಿದ್ದು. (ನಾನು ಬರೀ ಓದುತ್ತಿದ್ದೆ, ಪುಣ್ಯ. ಆ ಪಾಯಿಂಟರ್ ಮೂಲಕ ಬರೆದಿದ್ದರೆ, ಓಡುತ್ತಿರುವ ಇನ್ಯಾವುದೋ ಫಂಕ್ಷನ್ನಿನ ರಿಟರ್ನ್ ವಿಳಾಸವೇ ಕೆಟ್ಟು, ಏನೂ ತಪ್ಪಿಲ್ಲದ ಸಾಲಿನಲ್ಲಿ ಕ್ರ್ಯಾಶ್ ಆಗಬಹುದಿತ್ತು.)

ಹಾಗಾಗಿ ಸ್ಟ್ಯಾಕಾ ಹೀಪಾ ಅನ್ನುವ ನಿಮ್ಮ ಪ್ರಶ್ನೆಯೇ ದಾರಿ ತಪ್ಪಿದೆ. ಈ ಬೈಟ್‌ಗಳು ಯಾರವು, ಎಲ್ಲಿಯವರೆಗೆ, ಅದನ್ನು ಕೇಳಿ. ಎಲ್ಲವನ್ನೂ ಮ್ಯಾಲಾಕ್ ಮಾಡಿದರೆ ಫ್ರೀ (ಜಾಗ ವಾಪಸ್) ಯಾರು ಮಾಡಬೇಕು ಅನ್ನುವ ಹೊಸ ತಲೆನೋವು. ಸ್ಟ್ಯಾಟಿಕ್ (ಪ್ರೋಗ್ರಾಮ್ ಮುಗಿಯುವವರೆಗೂ ಉಳಿಯುವ ಒಂದೇ ಜಾಗ) ಅಂತೂ ಮುಟ್ಟಬೇಡಿ, ಎರಡನೇ ಕಾಲ್ ಮೊದಲ ಹೆಸರನ್ನು ನುಂಗುತ್ತದೆ. ಕರೆಯುವವನೇ ಬಫರ್ (ಹೆಸರು ತುಂಬಿಸುವ ಜಾಗ) ಮತ್ತು ಅದರ ಅಳತೆ ಕೊಡಲಿ, ಫಂಕ್ಷನ್ ತುಂಬಿಸಲಿ. ನಾನು ಕೊನೆಗೆ ಹಾಗೇ ಬದಲಿಸಿದೆ, ಐದು ನಿಮಿಷದ ಕೆಲಸ.

ಅದಕ್ಕೂ ಮೊದಲು ಅಡ್ರೆಸ್ ಸ್ಯಾನಿಟೈಜರ್ (ಮೆಮೊರಿ ತಪ್ಪು ಹಿಡಿಯುವ ಕಂಪೈಲರ್ ಸಾಧನ) ಹಾಕಿ ಓಡಿಸಿ. ಸತ್ತ ಫ್ರೇಮ್ (ಮುಗಿದ ಫಂಕ್ಷನ್ನಿನ ಸ್ಟ್ಯಾಕ್ ಜಾಗ) ಮುಟ್ಟಿದ್ದನ್ನು ಹಿಡಿಯುವ ತಪಾಸಣೆ ಲಿನಕ್ಸ್‌ನಲ್ಲಿ ಜಿಸಿಸಿ 13ರಿಂದ ತಾನಾಗಿಯೇ ಆನ್ ಇರುತ್ತದೆ. ಅದಕ್ಕಿಂತ ಹಳೆಯದಾದರೆ ನೀವೇ ಆನ್ ಮಾಡಬೇಕು. ಯಾವ ಸಾಲು ಅಂತ ಅದೇ ಹೇಳುತ್ತದೆ.